ಓದುಗರ ಪ್ರಶ್ನೆ, ನಮ್ಮ ಉತ್ತರ: ಲಿಮೊಂಟಾ ಎಂಬ ಹೆಸರು ಯಾರದ್ದು?

ಹೋದ ಸಂಚಿಕೆಯಲ್ಲಿ ಲ್ಯಾಟಿನ್ ಅಮೆರಿಕದ ಟಿವಿ ಧಾರಾವಾಹಿಗಳ ಬಗ್ಗೆ ಬರೆದಾಗ 'ಎಲ್ ದೆರೇಚೊ ದೆ ನಸೇರ್', ಅಂದರೆ 'ಹುಟ್ಟುವ ಹಕ್ಕು' ಎಂಬ ಕಥೆಯನ್ನು ಒಂದೇ ಪ್ಯಾರಾದಲ್ಲಿ ಮುಗಿಸಿಬಿಟ್ಟಿದ್ದೆ. 1948ರಲ್ಲಿ ಕ್ಯೂಬಾದ ರೇಡಿಯೋದಲ್ಲಿ ಬಂದದ್ದು, ಆಮೇಲೆ ಮೆಕ್ಸಿಕೋದ ಟಿವಿಯಲ್ಲಿ 1966, 1981, 2001ರಲ್ಲಿ ಮೂರು ಸಲ ಹೊಸದಾಗಿ ಬಂದದ್ದು ಎಂದಷ್ಟೇ ಹೇಳಿದ್ದೆ. ಅದರ ಮೇಲೇ ಜಾಸ್ತಿ ಪ್ರಶ್ನೆಗಳು ಬಂದಿವೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಮೇಡಂ, ಹೆಸರು ಹೇಳಿ ಕಥೆ ಹೇಳದೆ ಬಿಟ್ಟಿರಲ್ಲ! ಅಷ್ಟು ದೇಶಗಳ ಜನ ಅತ್ತದ್ದು ಯಾವ ಕಥೆಗೆ?
ಓದುಗರೊಬ್ಬರು, ಶಿವಮೊಗ್ಗ

ಕಥೆ ಶುರುವಾಗುವುದು ಒಬ್ಬ ಡಾಕ್ಟರ ಕೋಣೆಯಲ್ಲಿ. ಗರ್ಭ ತೆಗೆಸಿಕೊಳ್ಳಬೇಕು ಎಂದು ಒಬ್ಬ ಹೆಂಗಸು ಬರುತ್ತಾಳೆ. ಡಾಕ್ಟರು ಒಪ್ಪುವುದಿಲ್ಲ. ಕೂತುಕೊಳ್ಳಿ, ಒಂದು ಕಥೆ ಹೇಳುತ್ತೇನೆ ಎನ್ನುತ್ತಾನೆ. ಅವನು ಹೇಳುವುದು ತನ್ನದೇ ಕಥೆ.

ದೆಲ್ ಹುಂಕೊ ಎಂಬ ದೊಡ್ಡ ಮನೆತನ. ಯಜಮಾನ ದೋನ್ ರಫಾಯೆಲ್, ಮಾತೆಂದರೆ ಮಾತು, ಮರ್ಯಾದೆ ಎಂದರೆ ಜೀವ. ಅವನ ಮಗಳು ಮರಿಯಾ ಎಲೇನಾ ಮದುವೆಗೆ ಮುಂಚೆ ಬಸುರಿಯಾಗುತ್ತಾಳೆ, ಪ್ರೀತಿಸಿದವನು ಕೈಬಿಡುತ್ತಾನೆ. ಮಗು ಹುಟ್ಟುತ್ತದೆ. ಅದನ್ನು ಕೊಂದುಬಿಡು ಎಂದು ಅಜ್ಜನೇ ತನ್ನ ಆಳಿಗೆ ಹೇಳುತ್ತಾನೆ. ಆಗ ಆ ಮನೆಯಲ್ಲಿ ಮರಿಯಾ ಎಲೇನಾಳನ್ನು ಎತ್ತಿ ಆಡಿಸಿ ಬೆಳೆಸಿದ ಕಪ್ಪು ಜನಾಂಗದ ದಾದಿ, ಮರಿಯಾ ದೊಲೋರೆಸ್ ಲಿಮೊಂಟಾ, ಕೂಸನ್ನು ಎತ್ತಿಕೊಂಡು ಊರು ಬಿಟ್ಟು ಓಡಿಹೋಗುತ್ತಾಳೆ. ಬಟ್ಟೆ ಒಗೆದು, ಮೈಮುರಿದು ದುಡಿದು ಸಾಕುತ್ತಾಳೆ. ಹುಡುಗ ಅವಳನ್ನೇ ಅಮ್ಮ ಎಂದು ಕರೆಯುತ್ತಾ ಬೆಳೆಯುತ್ತಾನೆ, ಓದಿ ಡಾಕ್ಟರ್ ಆಗುತ್ತಾನೆ. ಅವನೇ ಅಲ್ಬೆರ್ತೊ ಲಿಮೊಂಟಾ.

ಆ ಹೆಸರನ್ನು ಸ್ವಲ್ಪ ಗಮನಿಸಿ. ಅದು ಅಪ್ಪನ ಹೆಸರಲ್ಲ, ಅಜ್ಜನ ಹೆಸರೂ ಅಲ್ಲ. ಮನೆಕೆಲಸದ ದೊಲೋರೆಸಳ ಹೆಸರು. ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಬಿಳಿ ಜಮೀನ್ದಾರನ ಮೊಮ್ಮಗ ಡಾಕ್ಟರಾಗಿ ಬಾಗಿಲ ಮೇಲೆ ಬರೆಸಿಕೊಳ್ಳುವುದು ತನ್ನನ್ನು ಸಾಕಿದ ಕಪ್ಪು ಹೆಂಗಸಿನ ಹೆಸರನ್ನು.

ಮುಂದಿನದನ್ನು ನೀವೇ ಊಹಿಸಬಹುದು. ಸಾಯುವ ಸ್ಥಿತಿಯಲ್ಲಿರುವ ಒಬ್ಬ ಮುದುಕನಿಗೆ ಅಲ್ಬೆರ್ತೊ ತನ್ನ ರಕ್ತ ಕೊಟ್ಟು ಉಳಿಸುತ್ತಾನೆ. ಆ ಮುದುಕ ದೋನ್ ರಫಾಯೆಲ್. ಇಬ್ಬರಿಗೂ ಗೊತ್ತಿಲ್ಲ. ಕೇಳುವವರಿಗೆ ಮಾತ್ರ ಗೊತ್ತು. ಆ ಮನೆಯಲ್ಲೇ ಬೆಳೆದ ಇಸಬೆಲ್ ಕ್ರಿಸ್ತಿನಾಳ ಮೇಲೆ ಅವನಿಗೆ ಪ್ರೀತಿ ಬೇರೆ ಹುಟ್ಟುತ್ತದೆ. ಹೆತ್ತ ತಾಯಿ ಅಷ್ಟರಲ್ಲಿ ಕ್ರೈಸ್ತ ಸನ್ಯಾಸಿನಿಯಾಗಿರುತ್ತಾಳೆ.

ಇದನ್ನು ಬರೆದವರು ಯಾರು? ಇಂಥ ಕಥೆ ಕ್ಯೂಬಾದಂಥ ಚಿಕ್ಕ ದೇಶದಿಂದ ಬಂತು ಅಂದರೆ ಆಶ್ಚರ್ಯ.
ಓದುಗರೊಬ್ಬರು, ಹುಬ್ಬಳ್ಳಿ

ಬರೆದವರು ಫೆಲಿಕ್ಸ್ ಬಿ. ಕೈನ್ಯೆಟ್. 1892ರಲ್ಲಿ ಕ್ಯೂಬಾದ ಪೂರ್ವ ಭಾಗದಲ್ಲಿ, ಸಾಂತಿಯಾಗೊ ಹತ್ತಿರದ ಊರಿನಲ್ಲಿ ಹುಟ್ಟಿದವರು. ಪತ್ರಿಕೆಗೆ ಬರೆದರು, ಮಕ್ಕಳಿಗೆ ಕಥೆ ಹೇಳಿದರು, ಹಾಡು ಕಟ್ಟಿದರು. 'ಹುಟ್ಟುವ ಹಕ್ಕು' ಬರುವ ಎಷ್ಟೋ ವರ್ಷ ಮೊದಲೇ, 1930ರ ದಶಕದಲ್ಲಿ, ಚಾನ್ ಲಿ ಪೊ ಎಂಬ ಚೀನೀ ಪತ್ತೇದಾರನ ಸರಣಿ ಬರೆದು ರೇಡಿಯೋದಲ್ಲಿ ಹೆಸರು ಮಾಡಿದ್ದರು. ಪಾತ್ರಗಳ ನಡುವೆ ಒಬ್ಬ ನಿರೂಪಕನನ್ನು ಕೂರಿಸಿ, ಅವನ ದನಿಯಲ್ಲೇ ಮಳೆ, ಕತ್ತಲೆ, ಮನಸ್ಸಿನ ತಳಮಳ ಎಲ್ಲವನ್ನೂ ಹೇಳಿಸುವ ರೂಢಿಯನ್ನು ಅಲ್ಲಿನ ರೇಡಿಯೋ ನಾಟಕಕ್ಕೆ ತಂದವರು ಇವರೇ ಎನ್ನುತ್ತಾರೆ.

ಕ್ಯೂಬಾದ ಬಗ್ಗೆ ನಿಮ್ಮ ಆಶ್ಚರ್ಯ ನನಗೆ ಅರ್ಥವಾಗುತ್ತದೆ, ಆದರೆ ಅಲ್ಲಿನ ಜನಕ್ಕೆ ಕಥೆ ಕೇಳುವ ಅಭ್ಯಾಸ ರೇಡಿಯೋಗಿಂತ ಹಳೆಯದು. ಹವಾನಾದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿ ಇತ್ತು. ಸಾಲಾಗಿ ಕೂತು ಹೊಗೆಸೊಪ್ಪು ಸುತ್ತುವ ಕೆಲಸಗಾರರಿಗೆ ಒಬ್ಬ ಎತ್ತರದ ಪೀಠದ ಮೇಲೆ ಕೂತು ಬೆಳಿಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ ಗಟ್ಟಿಯಾಗಿ ಓದುತ್ತಿದ್ದ. ಓದುವವನ ಸಂಬಳವನ್ನು ಕೆಲಸಗಾರರೇ ತಮ್ಮ ಕೂಲಿಯಿಂದ ಒಟ್ಟುಹಾಕಿ ಕೊಡುತ್ತಿದ್ದರು. ಅಕ್ಷರ ಬಾರದವರಿಗೂ ಕಾದಂಬರಿಯ ಪಾತ್ರಗಳು ನೆಂಟರಷ್ಟು ಗೊತ್ತಿದ್ದವು. ಮೊಂತೆಕ್ರಿಸ್ತೊ ಎಂಬ ಚುಟ್ಟಾ ಬ್ರ್ಯಾಂಡಿಗೆ ಆ ಹೆಸರು ಬಂದದ್ದೂ ಹೀಗೆ ಓದಿಸಿಕೊಂಡು ಮೆಚ್ಚಿದ ಕಾದಂಬರಿಯಿಂದಲೇ ಎಂದು ಹೇಳುತ್ತಾರೆ. ಇಂಥ ಕಿವಿಗಳಿಗೆ ರೇಡಿಯೋ ಬಂತು.

ಇನ್ನೊಂದು ಕಾರಣ ದುಡ್ಡು. ಸಾಬೂನು ಕಂಪನಿಗಳು ಧಾರಾವಾಹಿಗಳಿಗೆ ಹಣ ಹಾಕುತ್ತಿದ್ದವು, ಕೇಂದ್ರಗಳ ನಡುವೆ ಭಾರೀ ಪೈಪೋಟಿ ಇತ್ತು. ಹವಾನಾದ ಸಿಎಂಕ್ಯೂ ಎಂಬ ಕೇಂದ್ರ 1948ರ ಮಾರ್ಚ್‌ನಲ್ಲಿ ರೇಡಿಯೋಸೆಂತ್ರೊ ಎಂಬ ಹೊಸ ದೊಡ್ಡ ಕಟ್ಟಡಕ್ಕೆ ಬಂತು. ಏಪ್ರಿಲ್ 1ಕ್ಕೆ 'ಹುಟ್ಟುವ ಹಕ್ಕು' ಶುರು. ಒಟ್ಟು 314 ಕಂತುಗಳು. ಆ ಹೊತ್ತಿಗೆ ಸಿನಿಮಾ ಮಂದಿರಗಳೂ ಆಟದ ಸಮಯ ಬದಲಿಸಿಕೊಂಡವು ಎಂದು ಆ ಕಾಲದವರು ನೆನೆಯುತ್ತಾರೆ.

ರೇಡಿಯೋದಲ್ಲಿ ಒಂದು ಪಾತ್ರ ಮೂಕನಾಯಿತು, ಅದಕ್ಕೆ ಸಂಬಳದ ಜಗಳ ಕಾರಣ ಎಂದು ಎಲ್ಲೋ ಕೇಳಿದ್ದೆ. ಇದೇ ಕಥೆಯಾ?
ಓದುಗರೊಬ್ಬರು, ಮಂಗಳೂರು

ಇದೇ. ದೋನ್ ರಫಾಯೆಲ್‌ಗೆ ದನಿ ಕೊಡುತ್ತಿದ್ದವರು ಹೊಸೆ ಗೌಲಾ ಎಂಬ ನಟ. ಪಾತ್ರ ಪ್ರಸಿದ್ಧವಾಯಿತು, ಅವರು ಹೆಚ್ಚು ಸಂಬಳ ಕೇಳಿದರು, ಅದು ಸಿಗಲಿಲ್ಲ, ಆಗ ಕೈನ್ಯೆಟ್ ಆ ಪಾತ್ರಕ್ಕೆ ಪಾರ್ಶ್ವವಾಯು ಬರಿಸಿ ಬಾಯಿ ಕಟ್ಟಿಹಾಕಿದರು ಎಂಬ ಮಾತು ಕ್ಯೂಬಾದಲ್ಲಿ ಎಲ್ಲರ ಬಾಯಲ್ಲೂ ಇದೆ.

ಜಗಳ ಹೇಗೇ ಇರಲಿ, ಕಥೆಗೆ ಅದರಿಂದ ಆದ ಲಾಭ ನೋಡಿ. ತನ್ನ ಜೀವ ಉಳಿಸಿದ ಡಾಕ್ಟರು ತಾನೇ ಕೊಲ್ಲಿಸಲು ಹೊರಟಿದ್ದ ಮೊಮ್ಮಗ ಎಂದು ದೊಲೋರೆಸಳ ಬಾಯಿಂದ ಮುದುಕನಿಗೆ ಗೊತ್ತಾಗುತ್ತದೆ. ಅದೇ ಆಘಾತಕ್ಕೆ ಮಾತು ಬಿದ್ದುಹೋಗುತ್ತದೆ. ಈಗ ನಿಜ ಗೊತ್ತಿರುವ ಯಜಮಾನನಿಗೆ ಹೇಳಲು ಬಾಯಿಲ್ಲ. ಜೀವನವಿಡೀ ಅಪ್ಪಣೆ ಕೊಟ್ಟವನಿಗೆ ಒಂದು ಮಾತು ಹೊರಡುತ್ತಿಲ್ಲ. 'ದೋನ್ ರಫಾಯೆಲ್ ಇವತ್ತಾದರೂ ಮಾತಾಡುತ್ತಾನಾ' ಎಂದು ಒಂದು ದೇಶವೇ ಕಾದು ಕೂತಿತ್ತು. ಕೊನೆಗೆ ಮಾತಾಡುತ್ತಾನೆ, ಚಿಂತೆ ಬೇಡ.

ರೇಡಿಯೋದಲ್ಲಿ ಮೌನವನ್ನು ತೋರಿಸುವುದು ಎಷ್ಟು ಕಷ್ಟ ಅಲ್ವಾ? ಟಿವಿಯಲ್ಲಾದರೆ ಮಂಚದ ಮೇಲೆ ಕಣ್ಣು ಬಿಟ್ಟು ಮಲಗಿದ ಮುದುಕನನ್ನು ತೋರಿಸಿದರೆ ಆಯಿತು. ರೇಡಿಯೋದಲ್ಲಿ ಮಾತಾಡದವನು ಇಲ್ಲವೇ ಇಲ್ಲ. ನಿರೂಪಕ ಹೇಳಬೇಕು, ಬೇರೆ ಪಾತ್ರಗಳು ಅವನ ಮುಂದೆ ನಿಂತು ಮಾತಾಡಬೇಕು, ಅವನ ಉತ್ತರ ಬರಬೇಕಾದ ಕಡೆ ಏನೂ ಬರಬಾರದು. ಆ ಖಾಲಿ ಜಾಗವನ್ನು ಕೇಳುಗರು ತಮ್ಮ ಕೋಪದಿಂದಲೋ ಕನಿಕರದಿಂದಲೋ ತುಂಬಿಕೊಳ್ಳುತ್ತಿದ್ದರು. ಕೈನ್ಯೆಟ್ ಎಂಥ ಕಸುಬುದಾರ ಎಂದು ತಿಳಿಯಲು ನನಗೆ ಇದೊಂದೇ ಸಾಕು.

ಆ ತಂಡಕ್ಕೆ ನಿಜವಾದ ದುಃಖವೂ ಬಂತು. ಮುಖ್ಯ ದನಿಗಳಲ್ಲಿ ಒಬ್ಬರಾಗಿದ್ದ, ಸ್ಪೇನಿನಿಂದ ಬಂದ ನಟಿ ಮರಿಯಾ ವಲೇರೊ 1948ರ ನವೆಂಬರ್‌ನಲ್ಲಿ ಹವಾನಾದ ಸಮುದ್ರ ದಂಡೆಯ ರಸ್ತೆಯಲ್ಲಿ ಕಾರಿಗೆ ಸಿಕ್ಕಿ ತೀರಿಕೊಂಡರು. ಧೂಮಕೇತು ನೋಡಲೆಂದು ಗೆಳೆಯರ ಜೊತೆ ಹೋಗಿದ್ದರು. ಅವರ ಜಾಗಕ್ಕೆ ಮಿನಿನ್ ಬುಹೋನೆಸ್ ಬಂದರು. ಧಾರಾವಾಹಿ ನಿಲ್ಲಲಿಲ್ಲ.

ರೇಡಿಯೋದಿಂದ ಟಿವಿಗೆ ಬಂದಾಗ ಕಥೆ ಕೆಟ್ಟಿತಾ, ಚೆನ್ನಾಯಿತಾ? ನೇರವಾಗಿ ಹೇಳಿ.
ಓದುಗರೊಬ್ಬರು, ಬೆಂಗಳೂರು

ನೇರವಾಗಿ ಹೇಳಬೇಕೆಂದರೆ, ಬೇರೆಲ್ಲ ಉಳಿಯಿತು, ದೊಲೋರೆಸಳಿಗೆ ಮಾತ್ರ ಅನ್ಯಾಯವಾಯಿತು.

ರೇಡಿಯೋದಲ್ಲಿ ಅವಳ ಬಣ್ಣ ಕೇಳುವವರ ಮನಸ್ಸಿನಲ್ಲಿತ್ತು. ಲೂಪೆ ಸುವಾರೆಸ್ ಅವಳಿಗೆ ದನಿ ಕೊಟ್ಟರು, 1952ರ ಮೆಕ್ಸಿಕನ್ ಸಿನಿಮಾದಲ್ಲಿ ಆ ಪಾತ್ರವನ್ನೂ ಅವರೇ ಮಾಡಿದರು. ಟಿವಿಗೆ ಬಂದಾಗ ಒಂದು ಮುಖ ಬೇಕೇ ಬೇಕು. ಆಗ ಏನು ಮಾಡಿದರು? 1981ರ ಮೆಕ್ಸಿಕೋ ಧಾರಾವಾಹಿಯಲ್ಲಿ ಸೊಕೊರ್ರೊ ಆವೆಲಾರ್ ಎಂಬ ನಟಿ ಮುಖಕ್ಕೆ ಕಪ್ಪು ಬಣ್ಣ ಹಚ್ಚಿಕೊಂಡು ದೊಲೋರೆಸ್ ಆದರು. ಆವೆಲಾರ್ ಒಳ್ಳೆಯ ನಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಣ್ಣದ ಕಾರಣಕ್ಕೆ ಜನರನ್ನು ಕೀಳಾಗಿ ನೋಡುವುದು ತಪ್ಪು ಎಂದು ಹೇಳುವ ಕಥೆಗೆ ಒಬ್ಬ ಕಪ್ಪು ನಟಿಯನ್ನು ಹುಡುಕಲಿಲ್ಲ ಎಂದರೆ, ಅವರು ತಮ್ಮ ಕಥೆಯನ್ನು ತಾವೇ ಕೇಳಿಸಿಕೊಂಡಿರಲಿಲ್ಲ ಎಂದೇ ನನಗೆ ಅನಿಸುತ್ತದೆ. ಆ ಬಣ್ಣ ಕ್ಲೋಸಪ್ಪಿನಲ್ಲಿ ಎದ್ದು ಕಾಣುತ್ತದೆ. ಒಮ್ಮೆ ಕಂಡ ಮೇಲೆ ಕಣ್ಣು ಅಲ್ಲೇ ನಿಲ್ಲುತ್ತದೆ, ಮಾತು ಕಿವಿಗೆ ಬೀಳುವುದಿಲ್ಲ.

ಹಾಗೆ ಮಾಡಲೇಬೇಕಾದ ಅಗತ್ಯವೂ ಇರಲಿಲ್ಲ. 1966ರಲ್ಲಿ ತಿತೊ ಡೇವಿಸನ್ ಮೆಕ್ಸಿಕೋದಲ್ಲೇ ಮಾಡಿದ ಸಿನಿಮಾದಲ್ಲಿ ದೊಲೋರೆಸ್ ಆದವರು ಎಉಸೇಬಿಯಾ ಕೋಸ್ಮೆ. ಕ್ಯೂಬಾದ ಕಪ್ಪು ಕಲಾವಿದೆ, ಕವಿತೆಗಳನ್ನು ವೇದಿಕೆಯ ಮೇಲೆ ಹೇಳುವುದರಲ್ಲಿ ಖ್ಯಾತಿ ಪಡೆದವರು. ಬ್ರೆಜಿಲ್‌ನವರು 1964ರ ಕೊನೆಯಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಟಿವಿಗೆ ತಂದಾಗ ಇಸಾವುರಾ ಬ್ರೂನೊ ಎಂಬ ಕಪ್ಪು ನಟಿ ಈ ಪಾತ್ರ ಮಾಡಿದರು. ಅದಕ್ಕೂ ಮೊದಲು ಅವರು ಮನೆಕೆಲಸ ಮಾಡಿ ಬದುಕಿದವರು. 1965ರಲ್ಲಿ ಕೊನೆಯ ಕಂತು ಮುಗಿದಾಗ ರಿಯೊ ನಗರದ ಮರಕನಾಜಿನ್ಯೊ ಕ್ರೀಡಾಂಗಣದಲ್ಲಿ ಜನ ಕಿಕ್ಕಿರಿದು ಸೇರಿ ನಟರನ್ನು ಕಣ್ಣಾರೆ ನೋಡಿ ಅತ್ತರು. ಅಷ್ಟು ಜನಕ್ಕೆ ಅಮ್ಮನಾದ ಬ್ರೂನೊ ಮುಂದೆ ಕೈಯಲ್ಲಿ ಕೆಲಸವಿಲ್ಲದೆ ಬಡತನದಲ್ಲೇ ತೀರಿಕೊಂಡರು. ಪಾತ್ರವನ್ನು ಹೊತ್ತು ಮೆರೆಸಿದ ಟಿವಿ ಲೋಕ ಪಾತ್ರ ಮಾಡಿದವರನ್ನು ಬಿಟ್ಟುಬಿಟ್ಟಿತು. ಇದನ್ನು ಬರೆಯುವಾಗ ನನಗೆ ಸಿಟ್ಟೇ ಬರುತ್ತದೆ.

ಟಿವಿ ಚೆನ್ನಾಗಿ ಮಾಡಿದ್ದೂ ಇದೆ. 1981ರಲ್ಲಿ ಮರಿಯಾ ಎಲೇನಾ ಆದದ್ದು ವೆರೋನಿಕಾ ಕಾಸ್ತ್ರೊ, ದೋನ್ ರಫಾಯೆಲ್ ಆದದ್ದು ಇಗ್ನಾಸಿಯೊ ಲೋಪೆಸ್ ತಾರ್ಸೊ, ಅಲ್ಬೆರ್ತೊ ಆದದ್ದು ಉಂಬೆರ್ತೊ ಸುರಿತಾ. ಲೋಪೆಸ್ ತಾರ್ಸೊ ಅವರಂಥ ನಾಟಕರಂಗದ ದೊಡ್ಡ ನಟ ಬಾಯಿ ಮುಚ್ಚಿಕೊಂಡು ಬರೀ ಕಣ್ಣಲ್ಲಿ ಪಶ್ಚಾತ್ತಾಪ ತೋರಿಸುವುದನ್ನು ರೇಡಿಯೋ ಕೊಡಲಾರದು.

ಕ್ಷಮಿಸಿ, ಆದರೆ ಇದು ಗರ್ಭಪಾತದ ವಿರುದ್ಧದ ಪ್ರಚಾರ ಅಲ್ಲವೇ? ಅದನ್ನು ಯಾಕೆ ಹೊಗಳಬೇಕು?
ಓದುಗರೊಬ್ಬರು, ಮೈಸೂರು

ಕ್ಷಮೆ ಯಾಕೆ, ಕೇಳಲೇಬೇಕಾದ ಪ್ರಶ್ನೆ. ಹೌದು, ಕಥೆಯ ಬಾಗಿಲಲ್ಲೇ ಆ ಮಾತಿದೆ, ಹೆಸರಿನಲ್ಲೂ ಇದೆ. ಬಂದ ಹೆಂಗಸಿನ ಕಷ್ಟ ಏನು ಎಂದು ಡಾಕ್ಟರು ಕೇಳುವುದಕ್ಕಿಂತ ತನ್ನ ಕಥೆ ಹೇಳುವುದೇ ಜಾಸ್ತಿ. ನಾನು ಅದನ್ನು ಒಪ್ಪುವುದಿಲ್ಲ. ಇಂಥ ತೀರ್ಮಾನ ಆ ಹೆಂಗಸಿನದೇ ಆಗಬೇಕು. ನಮ್ಮಲ್ಲಿ 1971ರಲ್ಲಿ ಕಾನೂನು ಬಂತು, ಕ್ಯೂಬಾದ ಆಸ್ಪತ್ರೆಗಳಲ್ಲಿ 1965ರಿಂದಲೇ ಅದಕ್ಕೆ ಅವಕಾಶವಾಯಿತು.

ಆದರೆ ಮುಂದಿನ ಕಂತುಗಳಲ್ಲಿ ಕಥೆ ಬೇರೆ ಕಡೆ ತಿರುಗುತ್ತದೆ. ಹುಟ್ಟಿದ ಮಗುವನ್ನು ಕೊಲ್ಲು ಎಂದವನು ಮನೆತನದ ಮರ್ಯಾದೆಯ ಯಜಮಾನ. ಮಗಳಿಗೆ ಏನು ಬೇಕು ಎಂದು ಯಾರೂ ಕೇಳಲಿಲ್ಲ, ಅವಳ ಮೈ, ಅವಳ ಮಗು, ಅವಳ ಬದುಕು ಎಲ್ಲದಕ್ಕೂ ಅಪ್ಪನದೇ ಅಪ್ಪಣೆ. ಮರ್ಯಾದೆಯ ಹೆಸರಲ್ಲಿ ಹೆತ್ತವರೇ ಮಕ್ಕಳನ್ನು ಕೊಲ್ಲುವ ಸುದ್ದಿಯನ್ನು ಇವತ್ತಿಗೂ ನಮ್ಮ ಪತ್ರಿಕೆಗಳಲ್ಲಿ ಓದುತ್ತೇವೆ. ಹಾಗಾಗಿ ಹೆಸರು ಏನೇ ಹೇಳಲಿ, ನಾನು ಇದನ್ನು ಒಬ್ಬ ಅಪ್ಪನ ಅಧಿಕಾರದ ಕಥೆ ಎಂದೇ ಓದುತ್ತೇನೆ. ನೀವು ಬೇರೆ ರೀತಿ ಓದಿದರೆ ನಿಮ್ಮ ಜೊತೆ ಜಗಳವಿಲ್ಲ.

ಒಂದೇ ಕಥೆಯನ್ನು ಎಷ್ಟು ಸಲ ತೆಗೆಯುತ್ತಾರೆ? ಅವರಿಗೆ ಹೊಸ ಕಥೆ ಹೊಳೆಯುವುದಿಲ್ಲವೇ?
ಓದುಗರೊಬ್ಬರು, ದಾವಣಗೆರೆ

ಒಂದೇ ಪ್ರಸಂಗವನ್ನು ಎಷ್ಟು ಯಕ್ಷಗಾನ ಮೇಳಗಳು ಆಡುವುದಿಲ್ಲ? ಕಥೆ ಗೊತ್ತಿದ್ದೂ ಜನ ರಾತ್ರಿಯಿಡೀ ಕೂರುತ್ತಾರೆ, ಈ ಸಲ ಈ ವೇಷಧಾರಿ ಹೇಗೆ ಮಾಡುತ್ತಾನೆ ಎಂದು ನೋಡಲು.

ಇದಕ್ಕೆ ಚರಿತ್ರೆಯ ಕಾರಣವೂ ಇದೆ. ಕ್ರಾಂತಿಯ ನಂತರ, 1960ರಲ್ಲಿ, ಕ್ಯೂಬಾದ ಸರ್ಕಾರ ಸಿಎಂಕ್ಯೂ ಕೇಂದ್ರವನ್ನು ತನ್ನ ಕೈಗೆ ತೆಗೆದುಕೊಂಡಿತು. ಅಲ್ಲಿ ಕಸುಬು ಕಲಿತಿದ್ದ ಬರಹಗಾರರು, ನಟರು, ನಿರ್ಮಾಪಕರು ಬಹಳ ಮಂದಿ ದೇಶ ಬಿಟ್ಟರು. ಕೇಂದ್ರದ ಮುಖ್ಯಸ್ಥ ಗೋವರ್ ಮೆಸ್ತ್ರೆ ಅರ್ಜೆಂಟೀನಾಕ್ಕೆ ಹೋಗಿ ಅಲ್ಲಿ ಟಿವಿ ಕಟ್ಟಿದರು. ಡೆಲಿಯಾ ಫಿಯಾಲೊ ಮಿಯಾಮಿ ಸೇರಿ ವೆನೆಜುವೆಲಾದ ಟಿವಿಗೆ ಬರೆದರು. ಗ್ಲೋರಿಯಾ ಮಗದಾನ್ ಬ್ರೆಜಿಲ್‌ಗೆ ಹೋದರು. ಇನೆಸ್ ರೊದೇನಾ ಎಂಬ ಇನ್ನೊಬ್ಬ ಕ್ಯೂಬನ್ ಲೇಖಕಿಯ ಹಳೇ ರೇಡಿಯೋ ಕಥೆಗಳಿಂದಲೇ ಮೆಕ್ಸಿಕೋದವರು 1979ರಲ್ಲಿ 'ಶ್ರೀಮಂತರೂ ಅಳುತ್ತಾರೆ' ಎಂಬ ಧಾರಾವಾಹಿ ಮಾಡಿದರು, ಅದನ್ನೇ 1995ರಲ್ಲಿ ತಾಲಿಯಾ ಎಂಬ ನಟಿಯನ್ನಿಟ್ಟು ಇನ್ನೊಂದು ಹೆಸರಲ್ಲಿ ತೆಗೆದರು. ಮೊದಲನೆಯದು 1990ರ ದಶಕದ ಶುರುವಿನಲ್ಲಿ ರಷ್ಯಾದಲ್ಲಿ ಓಡಿದ ರೀತಿಗೆ ಸಾಟಿಯಿಲ್ಲ. ಒಂದು ದ್ವೀಪದ ರೇಡಿಯೋದವರು ಊರೂರಿಗೆ ಚದುರಿ ಒಂದು ಖಂಡದ ಟಿವಿಗೆ ಕಥೆ ಒದಗಿಸಿದರು. ಹಳೇ ಕಥೆಗಳು ಮತ್ತೆ ಮತ್ತೆ ಬರುವುದು ಹೀಗಾಗಿ.

ನಮ್ಮ ಧಾರಾವಾಹಿಗಳ ಥರ ಅವೂ ಸಾವಿರ ಕಂತು ಓಡುತ್ತವೆಯೇ?
ಓದುಗರೊಬ್ಬರು, ಕಲಬುರಗಿ

ಇಲ್ಲ. ಅವರ ಧಾರಾವಾಹಿಗೆ ಕೊನೆ ಇರುತ್ತದೆ, ಸಾಮಾನ್ಯವಾಗಿ ಒಂದು ವರ್ಷದೊಳಗೆ. ವೆನೆಜುವೆಲಾದವರು 1965ರಲ್ಲಿ ತೆಗೆದ 'ಹುಟ್ಟುವ ಹಕ್ಕು' ಮಾತ್ರ ಜನ ಬಿಡದೆ ನೋಡಿದ್ದರಿಂದ ತುಂಬಾ ಉದ್ದ ಓಡಿತು. ಕೊನೆ ಇದೆ ಎಂದು ಗೊತ್ತಿದ್ದರೆ ಬರೆಯುವವರಿಗೂ ಶಿಸ್ತು ಇರುತ್ತದೆ. ನಮ್ಮ ವಾಹಿನಿಗಳು ಇದನ್ನೊಂದು ಕಲಿತರೆ ಎಷ್ಟು ಚೆನ್ನ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಮೆಕ್ಸಿಕೋದ ಧಾರಾವಾಹಿಗಳಲ್ಲಿ ನಟರು ಕಿವಿಯೊಳಗೆ ಪುಟ್ಟ ಸ್ಪೀಕರ್ ಇಟ್ಟುಕೊಳ್ಳುವ ರೂಢಿ ಇದೆ. ಮರೆಯಲ್ಲಿ ಕೂತವರು ಸಂಭಾಷಣೆ ಓದುತ್ತಾರೆ, ನಟರು ಕೇಳಿಸಿಕೊಂಡು ಹೇಳುತ್ತಾರೆ. ದಿನಕ್ಕೊಂದು ಕಂತು ತೆಗೆಯುವ ಅವಸರದಲ್ಲಿ ಬಾಯಿಪಾಠ ಮಾಡಲು ಪುರುಸೊತ್ತು ಎಲ್ಲಿ?

ನಮ್ಮ ದೇಶದ ಧಾರಾವಾಹಿಗಳಿಗೂ ಇವಕ್ಕೂ ಏನಾದರೂ ಸಂಬಂಧ ಇದೆಯೇ?
ಉಡುಪಿಯ ಓದುಗರೊಬ್ಬರು, ಈಗ ದುಬೈಯಲ್ಲಿ

ಇದೆ, ಮತ್ತು ನೇರವಾಗಿಯೇ ಇದೆ. ಪೆರು ದೇಶದಲ್ಲಿ 1969ರಲ್ಲಿ 'ಸಿಂಪ್ಲೆಮೆಂತೆ ಮರಿಯಾ' ಎಂಬ ಧಾರಾವಾಹಿ ಬಂತು. ಹಳ್ಳಿಯಿಂದ ಪಟ್ಟಣಕ್ಕೆ ಮನೆಕೆಲಸಕ್ಕೆ ಬಂದ ಹುಡುಗಿ ಓದು ಕಲಿತು, ಹೊಲಿಗೆ ಕಲಿತು ಮೇಲೆ ಬರುವ ಕಥೆ. ಅದನ್ನು ನೋಡಿ ಮನೆಕೆಲಸದ ಹುಡುಗಿಯರು ಹೊಲಿಗೆ ಕ್ಲಾಸಿಗೆ ಸೇರತೊಡಗಿದರು, ಹೊಲಿಗೆ ಯಂತ್ರಗಳ ಮಾರಾಟ ಏರಿತು. ಇದನ್ನು ಗಮನಿಸಿದ ಮೆಕ್ಸಿಕೋದ ಮಿಗೆಲ್ ಸಬಿದೊ, ಕಥೆಯೊಳಗೇ ಪಾಠ ಇಟ್ಟರೆ ಹೇಗೆ ಎಂದು ಯೋಚಿಸಿ, ದೊಡ್ಡವರ ಅಕ್ಷರ ಕಲಿಕೆಗೆ ಒಂದು, ಕುಟುಂಬ ಯೋಜನೆಗೆ ಒಂದು ಧಾರಾವಾಹಿ ಮಾಡಿದರು. ನಮ್ಮ ಕೇಂದ್ರ ವಾರ್ತಾ ಮಂತ್ರಿಯಾಗಿದ್ದ ವಸಂತ ಸಾಠೆ 1982ರಲ್ಲಿ ಮೆಕ್ಸಿಕೋಗೆ ಹೋಗಿ ಅದನ್ನು ನೋಡಿ ಬಂದರು. 1984ರ ಜುಲೈಯಲ್ಲಿ ದೂರದರ್ಶನದಲ್ಲಿ 'ಹಮ್ ಲೋಗ್' ಶುರುವಾಯಿತು. ಮನೋಹರ ಶ್ಯಾಮ ಜೋಶಿ ಬರೆದದ್ದು. ಕಂತಿನ ಕೊನೆಯಲ್ಲಿ ಅಶೋಕ್ ಕುಮಾರ್ ಬಂದು ನಮ್ಮನ್ನೇ ನೋಡುತ್ತಾ ಮಾತಾಡುತ್ತಿದ್ದರಲ್ಲ, ಹಿಂದಿ ಅಷ್ಟಾಗಿ ಬಾರದ ನಮ್ಮ ಕಡೆಯ ಮನೆಗಳಲ್ಲೂ ಅವರ ಮಾತು ಕೇಳಲು ಕಾಯುತ್ತಿದ್ದರು.

ಈಗ ನೋಡಬೇಕೆಂದರೆ ಯಾವುದರಿಂದ ಶುರು ಮಾಡಲಿ?
ಓದುಗರೊಬ್ಬರು, ಹಾಸನ

ಮೊದಲು 1966ರ ಸಿನಿಮಾ ಹುಡುಕಿ. ಎರಡು ಗಂಟೆಯ ಆಸುಪಾಸಿನಲ್ಲಿ ಕಥೆ ಪೂರ್ತಿ ಸಿಗುತ್ತದೆ, ಎಉಸೇಬಿಯಾ ಕೋಸ್ಮೆ ಅವರ ದೊಲೋರೆಸ್ ಸಿಗುತ್ತಾಳೆ. ಆಮೇಲೆ 1981ರ ಧಾರಾವಾಹಿ, ಎಲ್ಲ ಕಂತು ನೋಡಲು ಆಗದಿದ್ದರೆ ದೋನ್ ರಫಾಯೆಲ್ ಹಾಸಿಗೆ ಹಿಡಿದ ಮೇಲಿನವು ಸಾಕು. ಕೇಟ್ ದೆಲ್ ಕಾಸ್ತಿಯೊ ನಟಿಸಿದ 2001ರದ್ದು ನೋಡಲು ಚೆಂದ, ಆದರೆ ಎಲ್ಲರೂ ಅವಸರದಲ್ಲಿದ್ದಾರೆ, ಅದನ್ನು ಕೊನೆಗಿಡಿ. ಸ್ಪ್ಯಾನಿಷ್ ಬಾರದಿದ್ದರೂ ಹೆದರಬೇಡಿ. ಕಥೆ ಈಗ ಗೊತ್ತಾಯಿತಲ್ಲ, ಯಾರು ಯಾರ ಮೇಲೆ ಕೂಗಾಡುತ್ತಿದ್ದಾರೆ ಎಂದು ಹತ್ತು ನಿಮಿಷದಲ್ಲಿ ಹಿಡಿದುಬಿಡುತ್ತೀರಿ.